ಕೃತ್ತಿಕೆ ಮಳೆಗೆ ಮೊದಲು: ಹಳೆ ಫಾರೆಸ್ಟರ್‌ನ ಹೊಟ್ಟೆ ಎತ್ತಿದ್ದು

ನನ್ನ ಗಾಡಿಯ ಮೂತಿಯ ಮೇಲೆ ಶೆವರ್ಲೆ ಗುರುತಿದೆ. ಬಾನೆಟ್ ಎತ್ತಿದರೆ ಒಳಗಿರುವುದೆಲ್ಲ ಸುಬಾರು. 2005ರ ಫಾರೆಸ್ಟರ್, ಎರಡು ಲೀಟರ್ ಪೆಟ್ರೋಲ್, ಐದು ಗೇರಿನ ಮ್ಯಾನುಯಲ್. ಜನರಲ್ ಮೋಟಾರ್ಸ್‌ನವರು 2003ರಲ್ಲಿ ನಮ್ಮ ದೇಶಕ್ಕೆ ಶೆವರ್ಲೆ ಹೆಸರು ಮತ್ತೆ ತಂದಾಗ ಜಪಾನಿನ ಸುಬಾರು ಕಂಪನಿಯಲ್ಲಿ ಅವರದೂ ಪಾಲಿತ್ತು. ಹಾಗಾಗಿ ಫಾರೆಸ್ಟರ್ ಇಲ್ಲಿ ಶೆವರ್ಲೆ ಆಗಿ ಮಾರಾಟವಾಯಿತು. ಆ ಪಾಲನ್ನು ಅವರು 2005ರಲ್ಲಿ ಮಾರಿದರು. 2017ರ ಕೊನೆಗೆ ಇಲ್ಲಿ ಶೆವರ್ಲೆ ಮಾರಾಟವೇ ನಿಂತಿತು. ಈಗ ಈ ಗಾಡಿ ಇಟ್ಟುಕೊಂಡವರು ತಮ್ಮ ಕೈಯನ್ನೇ ನಂಬಬೇಕು.

ಸುಬಾರು ಅಂದರೆ ಜಪಾನಿ ಭಾಷೆಯಲ್ಲಿ ಕೃತ್ತಿಕಾ ನಕ್ಷತ್ರ. ಕಂಪನಿಯ ಗುರುತಿನಲ್ಲಿರುವ ಆರು ಚುಕ್ಕಿ ಅದೇ. ನನ್ನ ಅಕ್ಕನ ಮನೆ ಪಾಂಡವಪುರದ ಹತ್ತಿರ. ಭಾವನಿಗೆ ಈ ವಿಷಯ ಹೇಳಿದ ದಿನದಿಂದ ಅವರ ಬಾಯಲ್ಲಿ ಇದು ಕೃತ್ತಿಕೆ ಗಾಡಿ. ಅವರಿಗೆ ಕೃತ್ತಿಕೆ ಅಂದರೆ ಮೇ ತಿಂಗಳ ನಡುವೆ ಶುರುವಾಗುವ ಮಳೆ. ಆ ಮಳೆಗೆ ಮೊದಲು ಗಾಡಿ ಸಿದ್ಧವಾಗಬೇಕು ಅಂತ ನಾನೂ ಗಡುವು ಹಾಕಿಕೊಂಡೆ.

ಈ ಕೆಲಸ ಶುರುವಾಗಿದ್ದು ಕಳೆದ ಸಲ ಕಬ್ಬಿನ ಕಟಾವಿನ ಹೊತ್ತಿಗೆ. ಭಾವನ ಜಮೀನಿಗೆ ನಾಲೆ ಏರಿಯಿಂದ ಇಳಿದು ಹೋಗಬೇಕು. ಲೋಡ್ ಆದ ಟ್ರ್ಯಾಕ್ಟರ್‌ಗಳು ಓಡಾಡಿ ದಾರಿಯಲ್ಲಿ ಎರಡು ಕೊರಕಲು ಬಿದ್ದಿದ್ದವು. ನಡುವೆ ಉಬ್ಬಿದ ದಿಣ್ಣೆ. ಹಿಂದಿನ ರಾತ್ರಿ ಯಾರೋ ಗದ್ದೆಗೆ ನೀರು ಬಿಟ್ಟಿದ್ದರು, ಕೊರಕಲು ತುಂಬಾ ಕೆಸರು. ನಾನು ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋದೆ. ಅರ್ಧ ದಾರಿಗೆ ಹೊಟ್ಟೆ ದಿಣ್ಣೆಯ ಮೇಲೆ ಕೂತಿತು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತಿದೆ, ಆದರೆ ಚಕ್ರದ ಮೇಲೆ ಭಾರವೇ ಇಲ್ಲ. ಸುಮ್ನೆ ತಿರುಗಿದವು. "ಇಳೀಬ್ಯಾಡ ಬುಡು ಕಣಯ್ಯ, ಟ್ರ್ಯಾಕ್ಟರ್ ತತ್ತೀನಿ" ಅಂದರು ಭಾವ. ಹಿಂದಕ್ಕೆ ಎಳೆದು ತೆಗೆದೆವು. ಮೈಸೂರಿಗೆ ವಾಪಸ್ ಬಂದು ಜಾಕಿ ಕೊಟ್ಟು ಕೆಳಗೆ ನೋಡಿದರೆ ಪ್ಲಾಸ್ಟಿಕ್ ಗಾರ್ಡ್ ಹರಿದು ನೇತಾಡುತ್ತಿತ್ತು. ಸೈಲೆನ್ಸರ್ ಪೈಪಿನ ಕೆಳಭಾಗ ಚಪ್ಪಟೆಯಾಗಿತ್ತು.

ಕಂಪನಿ ಲೆಕ್ಕದಲ್ಲಿ ಈ ಗಾಡಿ ನೆಲದಿಂದ 200 ಮಿ.ಮೀ. ಎತ್ತರ ಇರಬೇಕು. ಅಷ್ಟಿದ್ದರೆ ಆ ದಿಣ್ಣೆ ದಾಟಬೇಕಿತ್ತು. ಅನುಮಾನ ಬಂದು ಅಳೆದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದೆ. ಹೀಗೆ ಅಳೆದರೆ ಟೈರಿನ ಸವೆತ ಲೆಕ್ಕಕ್ಕೆ ಬರುವುದಿಲ್ಲ. ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗಿಂತ ಮುಂದೆ 15 ಮಿ.ಮೀ. ಕಡಿಮೆ, ಹಿಂದೆ 28 ಕಡಿಮೆ. ಸ್ಪ್ರಿಂಗ್‌ಗಳು ಇಷ್ಟು ವರ್ಷದಲ್ಲಿ ಕುಸಿದಿದ್ದವು. ನನಗಿಂತ ಮೊದಲು ಈ ಗಾಡಿ ಕೊಡಗಿನ ಕಾಫಿ ತೋಟದವರ ಹತ್ತಿರ ಇತ್ತು. ಹಿಂದಿನ ಡಿಕ್ಕಿಯಲ್ಲಿ ಎಷ್ಟು ಮೂಟೆ ಹೊತ್ತಿದೆಯೋ.

ಅವತ್ತೇ ಒಂದು ತೀರ್ಮಾನ ಮಾಡಿದೆ. ಗಾಡಿಯನ್ನು ಎತ್ತರಿಸುವುದಲ್ಲ, ಕಳೆದುಕೊಂಡ ಎತ್ತರವನ್ನು ವಾಪಸ್ ತರುವುದು. ಆಸ್ಟ್ರೇಲಿಯಾ, ಅಮೆರಿಕದಲ್ಲಿ ಹಳೆ ಸುಬಾರುಗಳನ್ನು ಎರಡು ಇಂಚು, ಅದಕ್ಕೂ ಜಾಸ್ತಿ ಎತ್ತರಿಸುತ್ತಾರೆ. ಅಷ್ಟು ಎತ್ತಿದರೆ ಹಿಂದಿನ ಚಕ್ರ ಮುಂದಕ್ಕೆ ಸರಿಯುತ್ತದೆ, ಅದನ್ನು ಹಿಡಿದಿಡುವ ಟ್ರೇಲಿಂಗ್ ಆರ್ಮ್ ಇಳಿಸಬೇಕು, ಆಕ್ಸಲ್‌ನ ಕೋನ ಜಾಸ್ತಿಯಾಗಿ ಅದರ ತುದಿಯ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್, ಬೇಗ ಸವೆಯುತ್ತದೆ. ನಮ್ಮಲ್ಲಿ ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕು ಅಲ್ವಾ. ಮುಚ್ಚಿಡುವಂಥದ್ದೇನೂ ಇಲ್ಲದೆ ನಿಲ್ಲಿಸಬೇಕು ಅನ್ನುವುದು ನನ್ನ ಆಸೆ.

ಆದರೆ ಎತ್ತರಕ್ಕೆ ಕೈ ಹಾಕುವ ಮುಂಚೆ ಬೇರೆ ಕೆಲಸ ಎದುರಾಯಿತು. ಚಪ್ಪಟೆಯಾದ ಪೈಪ್ ಬಿಚ್ಚಲು ಗಾಡಿ ಮೇಲಿತ್ತಲ್ಲ, ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆ, ಅಂದರೆ ಹಿಂದಿನ ಡಿಫರೆನ್ಷಿಯಲ್‌ನ ಆಯಿಲ್ ಕೂಡ ನೋಡಿಬಿಡೋಣ ಅಂತ ಕೂತೆ. ಇಲ್ಲಿ ಒಂದು ನಿಯಮ ಇದೆ: ಮೊದಲು ಆಯಿಲ್ ತುಂಬುವ ಮೇಲಿನ ಪ್ಲಗ್ ಬಿಚ್ಚಬೇಕು, ಆಮೇಲೆ ಕೆಳಗಿನದು. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲ್ಲಾಡದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಮೇಲಿನದು ಬಿಚ್ಚಿದೆ. ಬೆರಳು ಹಾಕಿ ತೆಗೆದೆ. ಬೆರಳ ತುದಿಯಲ್ಲಿ ಬಂದದ್ದು ಆಯಿಲ್ ಅಲ್ಲ, ಹಾಲು ಜಾಸ್ತಿಯಾದ ಕಾಫಿ ಬಣ್ಣದ ಗಂಜಿ. ನೀರು ಸೇರಿತ್ತು.

ಎಲ್ಲಿಂದ ಸೇರಿತು ಅಂತ ಯೋಚಿಸಿದರೆ ಹಿಂದಿನ ವರ್ಷದ ಮಳೆಗಾಲ ನೆನಪಾಯಿತು. ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದು ನೇರ ಹಳ್ಳಕ್ಕೆ ಇಳಿಸಿದ್ದೆ. ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ತಣ್ಣೀರು ತಾಗಿದ ಕೂಡಲೇ ಆ ಗಾಳಿ ಕುಗ್ಗುತ್ತದೆ. ಆಗ ಗಾಳಿ ಆಡಲು ಮೇಲೆ ಬಿಟ್ಟ ಬ್ರೀದರ್ ತೂತಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಈಗ ಹಳ್ಳದ ಮುಂದೆ ಹತ್ತು ನಿಮಿಷ ನಿಲ್ಲಿಸುವುದು ಅಭ್ಯಾಸ ಮಾಡಿಕೊಂಡಿದ್ದೇನೆ. ಬ್ರೀದರ್‌ನ ಪುಟ್ಟ ಟೋಪಿ ತೆಗೆದು, ಪೆಟ್ರೋಲ್ ಪೈಪಿನ ರಬ್ಬರ್ ಹೋಸು ಸಿಕ್ಕಿಸಿ, ಕ್ಲಾಂಪ್ ಹಾಕಿ, ಬಾಡಿಯ ಒಳಗಿನ ಎತ್ತರದ ಜಾಗಕ್ಕೆ ಕೊಂಡೊಯ್ದೆ. ಗೇರ್‌ಬಾಕ್ಸ್‌ಗೂ ಹಾಗೇ ಮಾಡಿದೆ. ಎರಡಕ್ಕೂ ಸೇರಿ ಖರ್ಚಾದದ್ದು ಎರಡು ಮೀಟರ್ ಹೋಸು.

ಹಿಂದಿನ ಡಿಫರೆನ್ಷಿಯಲ್‌ಗೆ ಹಿಡಿಯುವುದು 0.8 ಲೀಟರ್, 75ಡಬ್ಲ್ಯೂ-90, ಜಿಎಲ್-5 ದರ್ಜೆಯ ಗೇರ್ ಆಯಿಲ್. ಒಂದು ಸಲ ತುಂಬಿ ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಸುರಿದೆ. ಮೊದಲ ಸಲದ ಆಯಿಲ್ ಉಳಿದ ಗಂಜಿಯನ್ನು ತೊಳೆದುಕೊಂಡು ಬರಲಿ ಅಂತ. ಗೇರ್‌ಬಾಕ್ಸ್‌ನದು 3.5 ಲೀಟರ್. ಈ ಮ್ಯಾನುಯಲ್ ಗೇರ್‌ಬಾಕ್ಸ್ ಮತ್ತು ಮುಂದಿನ ಡಿಫರೆನ್ಷಿಯಲ್ ಒಂದೇ ಆಯಿಲ್ ಹಂಚಿಕೊಳ್ಳುತ್ತವೆ. ತುಂಬುವುದು ಗೇರ್ ಆಯಿಲ್‌ನ ಡಿಪ್‌ಸ್ಟಿಕ್ ಕೊಳವೆಯಿಂದಲೇ, ಉದ್ದ ಕೊಳವೆಯ ಆಲಿಕೆ ಬೇಕು. ಆಯಿಲ್ ದಪ್ಪ, ನಿಧಾನಕ್ಕೆ ಇಳಿಯುತ್ತದೆ. ಅದೃಷ್ಟಕ್ಕೆ ಅಲ್ಲಿ ನೀರು ಸೇರಿರಲಿಲ್ಲ.

ಎಂಜಿನ್ ಆಯಿಲ್ ಫಿಲ್ಟರ್ ಬಗ್ಗೆ ಒಂದು ಮಾತು. ಥ್ರೆಡ್ ಕೂರುತ್ತದೆ ಅಂತ ಬೇರೆ ಕಾರಿನ ಫಿಲ್ಟರ್ ಹಾಕುವವರಿದ್ದಾರೆ. ಸುಬಾರುವಿನ ಫಿಲ್ಟರ್ ಒಳಗಿನ ಬೈಪಾಸ್ ವಾಲ್ವ್ ಬೇರೆ ಎಷ್ಟೋ ಫಿಲ್ಟರ್‌ಗಳಿಗಿಂತ ಜಾಸ್ತಿ ಒತ್ತಡಕ್ಕೆ ತೆರೆಯುತ್ತದೆ. ವಾಲ್ವ್ ಬೇಗ ತೆರೆದರೆ ಆಯಿಲ್ ಶುದ್ಧವಾಗದೆ ಹಾಗೇ ಎಂಜಿನ್‌ಗೆ ಹೋಗುತ್ತದೆ. ನಾನು ಸುಬಾರು ಭಾಗದ ನಂಬರ್ ನೋಡಿಯೇ ತರಿಸುತ್ತೇನೆ. ದುಬೈನಲ್ಲಿರುವ ಗೆಳೆಯ ಊರಿಗೆ ಬರುವಾಗ ಫಿಲ್ಟರ್ ಆರು, ಟೈಮಿಂಗ್ ಬೆಲ್ಟ್ ಒಂದು, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದು ಹಾದುಹೋಗುವ ಐಡ್ಲರ್ ಗಾಲಿಗಳು, ವಾಟರ್ ಪಂಪ್ ಎಲ್ಲ ಒಂದೇ ಚೀಲದಲ್ಲಿ ತಂದುಕೊಟ್ಟ.

ಟೈಮಿಂಗ್ ಬೆಲ್ಟ್ ಕೆಲಸಕ್ಕೆ ನಾನೊಬ್ಬನೇ ಕೂರಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಮನೆ ಮುಂದೆಯೇ ಯೆಜ್ಡಿ ರಿಪೇರಿ ಶುರು ಮಾಡಿದರು. ಮೈಸೂರಿನಲ್ಲಿ ಇಂಥ ಕೈಗಳು ಇನ್ನೂ ಇವೆ, ನಮ್ಮ ಪುಣ್ಯ. ಸುಬಾರು ಎಂಜಿನ್ ಅವರು ಮೊದಲು ನೋಡಿರಲಿಲ್ಲ. ಬಾನೆಟ್ ಎತ್ತಿದಾಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಎರಡು ಸಿಲಿಂಡರ್ ಬಲಕ್ಕೆ, ಎರಡು ಎಡಕ್ಕೆ ಮಲಗಿವೆ. "ಚೆನ್ನಾಗಿ ಮಲಗ್ಸವ್ರೆ ಕಣಪ್ಪ, ಭಾರ ಎಲ್ಲಾ ಕೆಳಗೇ ಐತೆ" ಅಂದರು. ಬಾಕ್ಸರ್ ಎಂಜಿನ್‌ನ ಗುಣ ಅದೇ. 1966ರ ಸುಬಾರು 1000 ಕಾರಿನಿಂದ ಕಂಪನಿ ಇದನ್ನು ಬಿಟ್ಟಿಲ್ಲ. ಇಳಿಜಾರಿನಲ್ಲಿ ಗಾಡಿ ವಾಲಿದಾಗ ಆ ತಗ್ಗಿನ ಭಾರ ಎಷ್ಟು ಧೈರ್ಯ ಕೊಡುತ್ತದೆ ಅನ್ನುವುದು ಓಡಿಸಿದವರಿಗೆ ಗೊತ್ತು.

ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮ್‌ಗಳನ್ನೂ ತಾಳ ತಪ್ಪದಂತೆ ತಿರುಗಿಸುವುದು ಟೈಮಿಂಗ್ ಬೆಲ್ಟ್. ಈ ಎಂಜಿನ್‌ನಲ್ಲಿ ಅದು ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಲಕ್ಷ ಕಿಲೋಮೀಟರ್‌ಗೆ ಬದಲಾಯಿಸಬೇಕು. ನನ್ನ ಮೀಟರ್ 1,38,000 ತೋರಿಸುತ್ತಿತ್ತು, ಹಳೆ ಬೆಲ್ಟ್ ಯಾವಾಗ ಹಾಕಿದ್ದು ಅನ್ನುವುದಕ್ಕೆ ಚೀಟಿ ಇರಲಿಲ್ಲ. ಚೀಟಿ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ.

ರೇಡಿಯೇಟರ್ ಫ್ಯಾನ್‌ಗಳನ್ನು ತೆಗೆದರೆ ಕೈಯಾಡಿಸಲು ಜಾಗ ಸಿಗುತ್ತದೆ. ಕ್ರ್ಯಾಂಕ್ ಪುಲಿಯ ಬೋಲ್ಟ್ 22 ಮಿ.ಮೀ. ಅಕ್ಕನ ಮಗ ಐದನೇ ಗೇರಿಗೆ ಹಾಕಿ ಬ್ರೇಕ್ ತುಳಿದು ಕೂತ. ಅಣ್ಣ ಉದ್ದ ಪೈಪು ಹಾಕಿ ಎಳೆದರು, ಟಕ್ ಅಂತ ಬಿಟ್ಟಿತು. ಪ್ಲಾಸ್ಟಿಕ್ ಕವರ್ ತೆಗೆದು ಗುರುತುಗಳನ್ನು ಹುಡುಕುವಾಗ ಹುಡುಗ ಬೇಗ ಹೇಳಿಬಿಟ್ಟ: "ಮಾಮ, ಇಲ್ಲಿ ಬಾಣದ ಗುರುತು ಇದೆ, ಇದೇ ಅಲ್ವಾ?" ಅದಲ್ಲ. ಕ್ರ್ಯಾಂಕ್ ಸ್ಪ್ರಾಕೆಟ್ ಮೇಲಿನ ಬಾಣ ಪಿಸ್ಟನ್ ಮೇಲೆ ಬಂದದ್ದನ್ನು ತೋರಿಸುತ್ತದೆ ಅಷ್ಟೆ. ಬೆಲ್ಟ್‌ಗೆ ಬೇಕಾದ ಗುರುತು ಹಿಂದಿನ ಹಲ್ಲಿನ ಮೇಲಿರುವ ಸಣ್ಣ ಗೆರೆ. ಎಣ್ಣೆ ಮಸಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದರೆ ಕೂದಲಿನಷ್ಟು ಸಣ್ಣಗೆ ಕಾಣುತ್ತದೆ. ಆ ಗೆರೆಯನ್ನೂ ಎರಡು ಕ್ಯಾಮ್ ಗುರುತುಗಳನ್ನೂ ಹೊಂದಿಸಿದಾಗ ನಾಲ್ಕೂ ಪಿಸ್ಟನ್ ಸಿಲಿಂಡರ್‌ನ ನಡುವಿನಲ್ಲಿ ನಿಂತಿರುತ್ತವೆ. ಬೆಲ್ಟ್ ತೆಗೆದು ಕ್ಯಾಮ್ ಅಲ್ಲಾಡಿದರೂ ವಾಲ್ವ್‌ಗೆ ಪೆಟ್ಟಾಗುವುದಿಲ್ಲ. ಬಾಣವನ್ನು ನಂಬಿ ಕೂರಿಸಿದರೆ ಕಾಲು ಸುತ್ತು ತಪ್ಪುತ್ತದೆ, ಸ್ಟಾರ್ಟ್ ಮಾಡಿದ ಕ್ಷಣ ಎಂಜಿನ್ ಹೋಗುತ್ತದೆ. ಹುಡುಗನ ಕೈಯಲ್ಲೇ ಆ ಗೆರೆಗೆ ವೈಟ್ನರ್ ಹಚ್ಚಿಸಿದೆ.

ಟೆನ್ಷನರ್‌ನ ಪಿಸ್ಟನ್ ಒಳಗೆ ತಳ್ಳುವಾಗ ಅವಸರ ಮಾಡಬಾರದು. ವೈಸ್‌ನಲ್ಲಿ ನೆಟ್ಟಗೆ ಹಿಡಿದು, ಸ್ವಲ್ಪ ತಿರುಗಿಸಿ ಬಿಟ್ಟು, ಮತ್ತೆ ಸ್ವಲ್ಪ ತಿರುಗಿಸಬೇಕು. ಅಣ್ಣ ಎರಡು ಬೀಡಿ ಸೇದುವಷ್ಟು ಹೊತ್ತು ತೆಗೆದುಕೊಂಡರು. ತೂತು ಸಮ ಬಂದಾಗ 2 ಮಿ.ಮೀ. ತಂತಿ ಸಿಕ್ಕಿಸಿ ನಿಲ್ಲಿಸಿದೆವು. ಹೊಸ ವಾಟರ್ ಪಂಪ್ ಕೂರಿಸಿ, ಬೆಲ್ಟ್ ಹಾಕಿ, ತಂತಿ ಎಳೆದು, ಕೈಯಲ್ಲೇ ಎಂಜಿನ್ ಎರಡು ಸುತ್ತು ತಿರುಗಿಸಿದೆವು. ಗುರುತುಗಳು ಮತ್ತೆ ಅಲ್ಲೇ ಬಂದು ನಿಂತವು. ಹಳೆ ಐಡ್ಲರ್ ಒಂದನ್ನು ಅಣ್ಣ ಕಿವಿ ಹತ್ತಿರ ಹಿಡಿದು ತಿರುಗಿಸಿದರು. ಒಣಗಿದ ಬೀಜದ ಹಾಗೆ ಗಿಲಿಗಿಲಿ ಅಂತಿತ್ತು. ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು, ಸಾಯುತ್ತಿದ್ದದ್ದು ಆ ಬೇರಿಂಗ್. ಬೆಲ್ಟ್ ಒಂದನ್ನೇ ಹಾಕಿ ಉಳಿದದ್ದನ್ನು ಬಿಡುವವರಿಗೆ ನಾನು ಹೇಳುವುದು ಇದನ್ನೇ.

ಕೂಲೆಂಟ್ ಸುಮಾರು ಏಳು ಲೀಟರ್ ಹಿಡಿಯುತ್ತದೆ. ಈ ಎಂಜಿನ್ ಅಗಲ, ಗಾಳಿ ಗುಳ್ಳೆ ಒಳಗೇ ಕೂತುಬಿಡುತ್ತದೆ. ಗಾಡಿಯ ಮೂತಿ ಏರುಮುಖ ಮಾಡಿ, ರೇಡಿಯೇಟರ್ ಮೇಲಿನ ಪುಟ್ಟ ಪ್ಲಗ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ನಿಧಾನಕ್ಕೆ ತುಂಬಿದೆ. ಇಷ್ಟಕ್ಕೆ ಎರಡು ಭಾನುವಾರ ಹೋದವು.

ಈಗ ಎತ್ತರ. ಹೊಸ ಸ್ಪ್ರಿಂಗ್ ಹಾಕುವುದೇ ಸರಿಯಾದ ದಾರಿ, ಅದರಲ್ಲಿ ಎರಡು ಮಾತಿಲ್ಲ. ಅವು ಹೊರದೇಶದಿಂದ ಬರಬೇಕು, ಭಾರ, ಬೆಲೆ ಜಾಸ್ತಿ. ಅಲ್ಲಿಯವರೆಗೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಕೂಡಿದ ಕಂಬದ, ಅಂದರೆ ಸ್ಟ್ರಟ್‌ನ ತಲೆಗೂ ಬಾಡಿಗೂ ನಡುವೆ ಅಲ್ಯೂಮಿನಿಯಂ ಬಿಲ್ಲೆ ಇಡುವುದು ಅಂತ ತೀರ್ಮಾನಿಸಿದೆ. ಮುಂದೆ 15 ಮಿ.ಮೀ., ಹಿಂದೆ 25. ಬಿಲ್ಲೆ ಇಟ್ಟಾಗ ಗಾಡಿ ನಿಂತ ಎತ್ತರ ಕಂಪನಿಯದೇ. ಆದರೆ ಚಕ್ರ ಪೂರ್ತಿ ಜೋತು ಬಿದ್ದಾಗ ಮೊದಲಿಗಿಂತ ಅಷ್ಟು ಮಿ.ಮೀ. ಕೆಳಗೆ ಹೋಗುತ್ತದೆ, ಆ ಕ್ಷಣ ಸಿವಿ ಜಾಯಿಂಟ್‌ನ ಕೋನ ಜಾಸ್ತಿ. ಅದಕ್ಕೇ 25ರ ಮೇಲೆ ಹೋಗಲಿಲ್ಲ. ಲೇತ್‌ನವರು "40 ಮಾಡ್ಕೊಡ್ಲಾ ಸಾರ್, ಗತ್ತಾಗಿರುತ್ತೆ" ಅಂದರು. ಬೇಡ ಅಂದೆ.

ಸ್ಟ್ರಟ್ ಬಿಚ್ಚುವ ಮೊದಲು ಒಂದು ಗುರುತು ಹಾಕಿಕೊಳ್ಳಬೇಕು. ಮುಂದಿನ ಸ್ಟ್ರಟ್ ಕೆಳಗೆ ಎರಡು ದೊಡ್ಡ ಬೋಲ್ಟು ಇರುತ್ತವೆ. ಮೇಲಿನದು ಕ್ಯಾಂಬರ್ ಬೋಲ್ಟು, ಅದರ ತಲೆ ತಿರುಗಿಸಿದರೆ ಚಕ್ರ ಒಳಕ್ಕೆ ಹೊರಕ್ಕೆ ವಾಲುತ್ತದೆ. ತಲೆಯಿಂದ ಸ್ಟ್ರಟ್‌ವರೆಗೆ ವೈಟ್ನರ್ ಗೆರೆ ಎಳೆದೆ. ಬ್ರೇಕ್ ಹೋಸಿನ ಕ್ಲಿಪ್, ಎಬಿಎಸ್ ವೈರಿನ ಕ್ಲಿಪ್ ಮೊದಲೇ ಬಿಡಿಸಿದೆ. ಆಮೇಲೆ ಚಕ್ರದ ಹಬ್ ಹೊರಕ್ಕೆ ಬೀಳದ ಹಾಗೆ ಹಗ್ಗದಲ್ಲಿ ಕಟ್ಟಿದೆ. ಬಿದ್ದರೆ ಆಕ್ಸಲ್‌ನ ಒಳಗಿನ ಜಾಯಿಂಟ್ ಕಳಚಿ ಬರುತ್ತದೆ.

ಮೇಲೆ ಮೂರು ನಟ್ಟು, 12ರ ಸ್ಪ್ಯಾನರ್. ಸ್ಟ್ರಟ್ ಕೈಗೆ ಬಂತು. ಬಿಲ್ಲೆಯ ನಕ್ಷೆ ತೆಗೆಯಬೇಕಲ್ಲ, ಅದಕ್ಕೆ ಅಕ್ಕನ ಮನೆಯ ಹಳೆ ಲಗ್ನಪತ್ರಿಕೆ ಬಳಸಿದೆವು. ದಪ್ಪ ಕಾಗದ, ಹಿಂದೆ ಖಾಲಿ. ಸ್ಟ್ರಟ್‌ನ ತಲೆಗೆ ತೆಳ್ಳಗೆ ಗ್ರೀಸ್ ಸವರಿ ಲಗ್ನಪತ್ರಿಕೆಯ ಮೇಲೆ ಒತ್ತಿದೆ. ಮೂರು ಸ್ಟಡ್‌ನ ಚುಕ್ಕಿ, ನಡುವಿನ ದೊಡ್ಡ ಸುತ್ತು, ಹೊರ ಅಂಚು ಎಲ್ಲ ಮುದ್ರೆ ಒತ್ತಿದ ಹಾಗೆ ಬಂತು. ಅರಿಶಿನ ಅಂಚಿನ ಆ ಕಾಗದವನ್ನು ಹೆಬ್ಬಾಳು ಕೈಗಾರಿಕಾ ಪ್ರದೇಶದ ಲೇತ್ ಶಾಪಿಗೆ ಕೊಟ್ಟಾಗ ಅಲ್ಲಿನ ಹುಡುಗರು ಮೊದಲು ವಧೂವರರ ಹೆಸರು ಓದಿದರು, ಆಮೇಲೆ ವರ್ನಿಯರ್ ಹಿಡಿದರು. ಮೂರನೇ ದಿನ ಬಿಲ್ಲೆ ಕೈಗೆ ಬಂತು. ಅಂಚು ಬೆರಳಿಗೆ ತಾಗದ ಹಾಗೆ ನುಣ್ಣಗೆ ಮಾಡಿದ್ದರು.

ಹಳೆ ಸ್ಟಡ್‌ಗಳು ಬಿಲ್ಲೆ ದಾಟಿ ನಟ್ಟಿಗೆ ಸಿಗುವಷ್ಟು ಉದ್ದ ಇರಲಿಲ್ಲ. ಪ್ರೆಸ್‌ನಲ್ಲಿ ಅವನ್ನು ಹೊರಗೆ ತಳ್ಳಿ, ಅದೇ ಥ್ರೆಡ್ಡಿನ ಉದ್ದ ಸ್ಟಡ್ ಕೂರಿಸಿದೆವು, 10.9 ಗ್ರೇಡ್. ಮೆದು ಬೋಲ್ಟು ಇಲ್ಲಿ ಬೇಡವೇ ಬೇಡ, ಗಾಡಿಯ ಮೂಲೆ ಪೂರ್ತಿ ಇದರ ಮೇಲೆ ನಿಂತಿರುತ್ತದೆ. ಮೇಲಿನ ನಟ್ಟಿಗೆ 20 ನ್ಯೂಟನ್ ಮೀಟರ್ ಸಾಕು. ಮುಂದಿನ ಸ್ಟ್ರಟ್‌ನ ಕೆಳಗಿನ ದೊಡ್ಡ ಬೋಲ್ಟುಗಳಿಗೆ 175. ಟಾರ್ಕ್ ವ್ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಬಾಡಿಗೆಗಾದರೂ ತನ್ನಿ. ಹಿಂದಿನ ಸ್ಟ್ರಟ್‌ಗಳಿಗೆ ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ಬಿಚ್ಚಬೇಕು, ಕ್ಲಿಪ್ಪುಗಳು ವಯಸ್ಸಾಗಿ ಒಡೆಯುತ್ತವೆ. ಉಳಿದದ್ದು ಅದೇ ಕೆಲಸ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ವೈಟ್ನರ್ ಗೆರೆ ಹೊಂದಿಸಿದ್ದರೂ ಎತ್ತರ ಬದಲಾದರೆ ಕ್ಯಾಂಬರ್, ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ.

ಟೈರ್ ವಿಷಯದಲ್ಲಿ ನಾನು ತುಂಬಾ ಹಟಮಾರಿ. ಮೊದಲಿದ್ದದ್ದು 215/60 ಆರ್16. ಹೊಸದು 215/65 ಆರ್16. ಇದು ಡಸ್ಟರ್‌ಗೆ ಬರುವ ಅಳತೆ, ಹಾಗಾಗಿ ಕೆಸರಿಗೂ ರಸ್ತೆಗೂ ಆಗುವ ಎಟಿ ಟೈರ್ ಸುಲಭವಾಗಿ ಸಿಗುತ್ತದೆ. ವ್ಯಾಸ 664ರಿಂದ 686 ಮಿ.ಮೀ. ಆಗುತ್ತದೆ, ಅಂದರೆ ಆಕ್ಸಲ್ 11 ಮಿ.ಮೀ. ಮೇಲೆ. ಮೀಟರ್ 100 ತೋರಿಸಿದಾಗ ಚಕ್ರ ಮೂರು ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತದೆ, ನೆನಪಿಟ್ಟುಕೊಂಡರೆ ಸಾಕು. ಸ್ಟ್ರಟ್‌ನ ಸ್ಪ್ರಿಂಗ್ ಕೂರುವ ತಟ್ಟೆ ಟೈರಿನ ನೆತ್ತಿಗೆ ತೀರ ಹತ್ತಿರ. ಬಿಲ್ಲೆ ಹಾಕಿದರೆ ಈ ಸಂದು ದೊಡ್ಡದಾಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ತಟ್ಟೆ ಇರುವುದು ಸ್ಟ್ರಟ್ ಮೇಲೆ, ಸ್ಟ್ರಟ್ ಚಕ್ರದ ಜೊತೆಗೇ ಇಳಿಯುತ್ತದೆ. ಹೊಸ ಟೈರ್ ಹಾಕಿದ ಮೇಲೆ ನನಗೆ ಉಳಿದದ್ದು ಒಂದು ಬೆರಳಿನ ಜಾಗ. ಇದಕ್ಕಿಂತ ದೊಡ್ಡ ಟೈರ್ ಈ ಗಾಡಿಗೆ ಬೇಡ.

ಐದೂ ಟೈರ್ ಒಟ್ಟಿಗೆ ತಂದೆ, ಸ್ಟೆಪ್ನಿ ಸೇರಿ. ಇದರಲ್ಲಿ ಉಳಿತಾಯ ಮಾಡುವಂತಿಲ್ಲ. ಈ ಗಾಡಿಯ ಮಧ್ಯದ ಡಿಫರೆನ್ಷಿಯಲ್ ಮುಂದಕ್ಕೂ ಹಿಂದಕ್ಕೂ ಅರ್ಧರ್ಧ ಶಕ್ತಿ ಹಂಚುತ್ತದೆ. ಜೊತೆಗೆ ವಿಸ್ಕಸ್ ಕಪ್ಲಿಂಗ್ ಇದೆ: ಮುಚ್ಚಿದ ಡಬ್ಬಿ, ಒಳಗೆ ತೆಳು ತಟ್ಟೆಗಳು, ಸಿಲಿಕೋನ್ ಎಣ್ಣೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಬೇಗ ತಿರುಗಿದರೆ ಎಣ್ಣೆ ಬಿಸಿಯಾಗಿ ಹಿಗ್ಗಿ, ತಟ್ಟೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕೆಸರಿನಲ್ಲಿ ಅದು ಬೇಕು. ಆದರೆ ಒಂದು ಟೈರ್ ಹೊಸದು, ಮೂರು ಹಳೆಯದು ಇದ್ದರೆ ಮೈಸೂರಿನಿಂದ ಬೆಂಗಳೂರಿಗೆ ಹೋಗುವಷ್ಟು ದೂರವೂ ಅದು ಬಿಸಿಯಾಗುತ್ತಲೇ ಇರುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಸುಬಾರು ಹೇಳುವುದು ಸುತ್ತಳತೆಯ ವ್ಯತ್ಯಾಸ ಕಾಲು ಇಂಚು ಮೀರಬಾರದು ಅಂತ. ಲೆಕ್ಕ ಹಾಕಿದರೆ ಟೈರಿನ ಸವೆತದಲ್ಲಿ 1 ಮಿ.ಮೀ. ವ್ಯತ್ಯಾಸ, ಅಷ್ಟೆ. ಆಟೋಮ್ಯಾಟಿಕ್ ಸುಬಾರುಗಳಲ್ಲಿ ಫ್ಯೂಸ್ ಹಾಕಿ ಹಿಂದಿನ ಚಕ್ರಗಳನ್ನು ಬಿಡಿಸುವ ಅನುಕೂಲ ಇರುತ್ತಿತ್ತು, ಮ್ಯಾನುಯಲ್‌ನಲ್ಲಿ ಅದೂ ಇಲ್ಲ. ತಿಂಗಳಿಗೊಮ್ಮೆ ದರ್ಜಿ ಟೇಪು ಸುತ್ತಿ ನಾಲ್ಕೂ ಟೈರ್ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಐದು ಸಾವಿರ ಕಿಲೋಮೀಟರ್‌ಗೆ ಸ್ಟೆಪ್ನಿಯನ್ನೂ ಸೇರಿಸಿ ಜಾಗ ಬದಲಾಯಿಸುತ್ತೇನೆ. ನೀವು ಹಳೆ ಸುಬಾರು ನೋಡಲು ಹೋದರೆ ಮೊದಲು ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಯಾರೋ ಹಿಡಿದು ನಿಲ್ಲಿಸಿದ ಹಾಗೆ ಗಾಡಿ ತಡೆದು ತಡೆದು ಹೋದರೆ ಕಪ್ಲಿಂಗ್ ಹೋಗಿದೆ.

ಹೊಟ್ಟೆಯ ತಗಡು ಕೊನೆಗೆ. 3 ಮಿ.ಮೀ. ಕಬ್ಬಿಣದಲ್ಲಿ ಮಾಡಿದರೆ ನನಗೆ ಬೇಕಾದ ಅಳತೆಗೆ ಹತ್ತು ಕಿಲೋ. 4 ಮಿ.ಮೀ. ಅಲ್ಯೂಮಿನಿಯಂನಲ್ಲಿ ನಾಲ್ಕೂವರೆ. ಕುಸಿದ ಸ್ಪ್ರಿಂಗ್ ಮೇಲೆ ಇನ್ನೂ ಭಾರ ಹೇರುವುದು ಯಾಕೆ, ಅಲ್ಯೂಮಿನಿಯಂ ಆರಿಸಿದೆ. ಪ್ಲಾಸ್ಟಿಕ್ ಗಾರ್ಡ್ ಇದ್ದ ತೂತುಗಳಿಗೇ ಮುಂಭಾಗ ಕೂರಿಸಿ, ಹಿಂಭಾಗಕ್ಕೆ ಎರಡು ಪಟ್ಟಿ ಕೊಟ್ಟೆ. ಆಯಿಲ್ ಸುರಿಯುವ ಪ್ಲಗ್‌ಗೆ ಒಂದು ಕಿಂಡಿ, ಫಿಲ್ಟರ್‌ಗೆ ಒಂದು ಕಿಂಡಿ.

ಮೊದಲು ತಗಡನ್ನು ಕ್ಯಾಟಲಿಟಿಕ್ ಕನ್ವರ್ಟರ್ ಕೆಳಗಿನವರೆಗೂ ಎಳೆಯಬೇಕು ಅಂದುಕೊಂಡಿದ್ದೆ. ಭಾವ ಬೇಡ ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಕಟಾವಾದ ಗದ್ದೆಯಲ್ಲಿ ಒಣ ಸೋಗೆ ಮೊಣಕಾಲುದ್ದ ಬಿದ್ದಿರುತ್ತದೆ. ತಗಡಿಗೂ ಬಿಸಿ ಪೈಪಿಗೂ ನಡುವೆ ಅದು ಸೇರಿಕೊಂಡರೆ ಬೆಂಕಿ. ಬಾಕ್ಸರ್ ಎಂಜಿನ್‌ನ ಎಕ್ಸಾಸ್ಟ್ ಎಂಜಿನ್ ಕೆಳಗಿನಿಂದಲೇ ಹಾದು ಬರುವುದರಿಂದ ಈ ಭಯ ಬೇರೆ ಗಾಡಿಗಿಂತ ಜಾಸ್ತಿ. ತಗಡನ್ನು ಆಯಿಲ್ ಸಂಪಿನ ಅಂಚಿಗೇ ನಿಲ್ಲಿಸಿದೆ, ಹಿಂದೆ ಪೂರ್ತಿ ತೆರೆದಿದೆ. ಗದ್ದೆಯಿಂದ ರಸ್ತೆಗೆ ಹತ್ತಿದ ಕೂಡಲೇ ನಿಲ್ಲಿಸಿ, ಕೆಳಗೆ ಬಗ್ಗಿ, ಕೊಕ್ಕೆ ಹಾಕಿ ಸೋಗೆ ಎಳೆಯುತ್ತೇನೆ. ನೀರಿನ ಕ್ಯಾನು ಗಾಡಿಯಲ್ಲೇ ಇರುತ್ತದೆ.

ಮೇ 14ರಂದು ಭಾವ ಫೋನ್ ಮಾಡಿದರು. ರಾತ್ರಿಯಿಡೀ ಸುರಿದಿದೆ ಅಂದರು. ಮಧ್ಯಾಹ್ನ ನಾನು, ಅಣ್ಣ, ಅಕ್ಕನ ಮಗ ಹೊರಟೆವು. ಅದೇ ನಾಲೆ ಏರಿ, ಅದೇ ಇಳಿಜಾರು. ಟೈರಿನ ಗಾಳಿ 32ರಿಂದ 22ಕ್ಕೆ ಇಳಿಸಿದೆ. ಕೊರಕಲು ಹೋದ ಸಲದಷ್ಟೇ ಆಳ, ಕೆಸರು ಇನ್ನೂ ಜಾಸ್ತಿ. ನನ್ನ ಗಾಡಿಯ ಗೇರಿಗೆ ಜೀಪಿನ ಲೋ ಗೇರಿನ ಹಾಗೆ ತೆವಳುವ ಶಕ್ತಿ ಇಲ್ಲ, ಆದ್ದರಿಂದ ನಿಲ್ಲಿಸದೆ ಒಂದೇ ಸಮ ಹೋಗಬೇಕು. ಒಂದನೇ ಗೇರು, ಎಂಜಿನ್ 2,000 ಸುತ್ತಿನ ಮೇಲೆ, ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದೆ. ಎರಡು ಸಲ ತಗಡು ದಿಣ್ಣೆಗೆ ಸವರಿದ ಸದ್ದು ಬಂತು. ಮುಂದಿನ ಎಡ ಚಕ್ರ ಒಂದು ಕ್ಷಣ ಬರಿದೇ ತಿರುಗಿತು, ಹಿಂದಿನಿಂದ ಯಾರೋ ತಳ್ಳಿದ ಹಾಗೆ ಗಾಡಿ ಮುಂದಕ್ಕೆ ಬಂತು. ಕಪ್ಲಿಂಗ್ ಹಿಡಿದಿತ್ತು. ಪಂಪ್‌ಸೆಟ್ ಮನೆ ಮುಂದೆ ನಿಲ್ಲಿಸಿದಾಗ ಭಾವ ಬಂದು ಚಕ್ರ ನೋಡಲಿಲ್ಲ. ಮಂಡಿಯೂರಿ ಗಾಡಿ ಕೆಳಗೆ ಕೈ ಚಾಚಿ, ನೆಲಕ್ಕೂ ತಗಡಿಗೂ ನಡುವೆ ಗೇಣು ಹಾಕಿದರು. "ಪರವಾಗಿಲ್ಲ ಕಣಯ್ಯ, ಗೇಣು ಪೂರಾ ಹೋಯ್ತದೆ" ಅಂದರು. ಅಣ್ಣನಿಗೆ ಎಳನೀರು ಕೊಟ್ಟು ಕೂರಿಸಿದರು.

ಎರಡು ವಾರ ಬಿಟ್ಟು ಎಲ್ಲ ಬೋಲ್ಟುಗಳಿಗೂ ಮತ್ತೆ ಟಾರ್ಕ್ ವ್ರೆಂಚ್ ಹಿಡಿದೆ. ಹಿಂದಿನ ಎಡಗಡೆ ಒಂದು ನಟ್ಟು ಸ್ವಲ್ಪ ತಿರುಗಿತು, ಉಳಿದವು ಅಲ್ಲಾಡಲಿಲ್ಲ. ತಗಡಿನ ಮೇಲೆ ಎರಡು ಉದ್ದ ಗೀರು, ತಗ್ಗಿಲ್ಲ. ಹಿಂದಿನ ಡಿಫರೆನ್ಷಿಯಲ್‌ನ ಮೇಲಿನ ಪ್ಲಗ್ ಬಿಚ್ಚಿ ಬೆರಳು ಹಾಕಿದೆ. ಜೇನಿನ ಬಣ್ಣದ ಆಯಿಲ್, ತೆಳ್ಳಗೆ ಹೊಳೆಯುತ್ತಿತ್ತು.

ಬಾಕಿ ಇರುವುದು ಬಲಗಡೆ ಹಿಂದಿನ ಚಕ್ರದ ಬೇರಿಂಗ್. 60 ದಾಟಿದ ಮೇಲೆ ಗುಂಯ್ ಅನ್ನುತ್ತದೆ, ಎಡಕ್ಕೆ ತಿರುವಿನಲ್ಲಿ ಜಾಸ್ತಿ. ಇದನ್ನು ಪ್ರೆಸ್‌ನಲ್ಲೇ ಕೂರಿಸಬೇಕು, ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ತಿಂಗಳೂ ಬಾಳುವುದಿಲ್ಲ. ಗೆಳೆಯ ಜೂನ್ ಮೊದಲ ವಾರ ಬರುತ್ತಾನಂತೆ. ಆರಿದ್ರಾ ಮಳೆ ಹಿಡಿಯುವುದರ ಒಳಗೆ ಅದನ್ನು ಮುಗಿಸಬೇಕು.